ಹಳೆ ಬ್ಯಾಂಡ್‌ಸಾ: ಕೊಳ್ಳುವ ಮುಂಚೆ, ಕೊಂಡ ಮೇಲೆ

"ಒಂದು ಹಳೆ ಬ್ಯಾಂಡ್‌ಸಾ ಮಾರಾಟಕ್ಕಿದೆ, ಫೋಟೊ ಕಳಿಸಿದ್ದೀನಿ, ತಗೊಳ್ಳಬಹುದಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಫೋಟೊದಲ್ಲಿ ಕಾಣುವುದು ಬಹುಪಾಲು ಹೊಸದಾಗಿ ಬಳಿದ ಹಸಿರು ಬಣ್ಣ. ಅದನ್ನು ನೋಡಿ ಯಾರೂ ಏನೂ ಹೇಳೋಕಾಗಲ್ಲ. ಮೆಷಿನ್ ಮುಂದೆ ನಿಂತು ನೀವೇ ಏನೇನು ನೋಡಬೇಕು, ಮನೆಗೆ ತಂದ ಮೇಲೆ ಏನು ಮಾಡಬೇಕು ಅನ್ನೋದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಸಲ ಕೇಳುವವರಿಗೆ: ಬ್ಯಾಂಡ್‌ಸಾ ಅಂದರೆ ಒಂದರ ಮೇಲೊಂದು ಎರಡು ಚಕ್ರ, ಅವನ್ನು ಸುತ್ತಿಕೊಂಡು ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಆ ಪಟ್ಟಿಯೇ ಬ್ಲೇಡ್. ಕೆಳಗಿನ ಚಕ್ರವನ್ನು ಮೋಟರ್ ತಿರುಗಿಸುತ್ತದೆ. ಮೇಲಿನ ಚಕ್ರ ಬ್ಲೇಡನ್ನು ಬಿಗಿ ಹಿಡಿಯುತ್ತದೆ, ಅದು ಅತ್ತಿತ್ತ ಜಾರದಂತೆ ನೋಡಿಕೊಳ್ಳುತ್ತದೆ. ನಡುವೆ ಮೇಜು. ಅಷ್ಟೇ ಮೆಷಿನ್. ಇದರಲ್ಲಿ ಬೇರಿಂಗ್, ಬೆಲ್ಟ್, ಚಕ್ರದ ರಬ್ಬರ್, ಬ್ಲೇಡ್, ಮೋಟರ್ ಎಲ್ಲವನ್ನೂ ಬದಲಾಯಿಸಬಹುದು. ಬದಲಾಯಿಸಲಾಗದ್ದು ಚೌಕಟ್ಟು ಮತ್ತು ಎರಡು ಚಕ್ರ. ನೀವು ದುಡ್ಡು ಕೊಡುತ್ತಿರುವುದು ಆ ಕಬ್ಬಿಣಕ್ಕೆ. ಉಳಿದದ್ದು ಚೆನ್ನಾಗಿದ್ದರೆ ಲಾಭ, ಇಲ್ಲದಿದ್ದರೆ ಚೌಕಾಸಿಗೆ ದಾರಿ.

1. ಎಷ್ಟು ದೊಡ್ಡದು ಬೇಕು?

ಬ್ಯಾಂಡ್‌ಸಾ ಅಳತೆ ಅಂದರೆ ಚಕ್ರದ ವ್ಯಾಸ. 14 ಇಂಚಿನದು ಅಂದರೆ ಚಕ್ರ 14 ಇಂಚು. ಬ್ಲೇಡಿಗೂ ಚೌಕಟ್ಟಿನ ಕಂಬಕ್ಕೂ ನಡುವಿನ ಜಾಗ ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಇನ್ನೊಂದು ಅಳತೆ, ಮೇಜಿನ ಮೇಲೆ ಎಷ್ಟು ದಪ್ಪದ ಮರ ಹೋಗುತ್ತದೆ ಅನ್ನೋದು. ಕೊಳ್ಳುವವರು ಇದನ್ನು ಕೇಳುವುದೇ ಮರೆಯುತ್ತಾರೆ.

ಮನೆಯಲ್ಲಿ ಪೆಟ್ಟಿಗೆ, ಕುರ್ಚಿ, ಆಟಿಕೆ ಮಾಡುವವರಿಗೆ 14ರಿಂದ 18 ಇಂಚು ಧಾರಾಳ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುವುದರಲ್ಲಿ 18, 24 ಇಂಚಿನ ಬೀಡು ಕಬ್ಬಿಣದ ಮೆಷಿನ್‌ಗಳೇ ಜಾಸ್ತಿ. ಪಂಜಾಬಿನ ಬಟಾಲಾ, ಲೂಧಿಯಾನ ಕಡೆ ಎರಕ ಹೊಯ್ದವು ಹಲವು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ, ಪೀಣ್ಯದಲ್ಲಿ, ಬಾಗಿಲು ಹಾಕುತ್ತಿರುವ ಫರ್ನಿಚರ್ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ. ಪ್ಲೈವುಡ್ ಕೆಲಸಕ್ಕೆ ಹೊರಳಿದ ಅಂಗಡಿಗಳಲ್ಲಿ ಇವು ಮೂಲೆ ಸೇರಿರುತ್ತವೆ.

ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಬ್ಯಾಂಡ್‌ಸಾ ಅಂತ ಹುಡುಕಿದರೆ ಕಬ್ಬಿಣ ಕತ್ತರಿಸುವ, ಅಡ್ಡ ಮಲಗಿದ ಮೆಷಿನ್‌ಗಳೂ ಬರುತ್ತವೆ. ಬೆಲೆ ಕಡಿಮೆ ಅಂತ ಅದಕ್ಕೆ ಕೈ ಹಾಕಬೇಡಿ. ಮರಕ್ಕೆ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ಓಡಬೇಕು. ಕಬ್ಬಿಣದ ಮೆಷಿನ್‌ನಲ್ಲಿ ಅದು ನೂರು ಮೀಟರಿನ ಆಸುಪಾಸು ಅಥವಾ ಇನ್ನೂ ಕಡಿಮೆ. ಮರ ಸೀಳುವುದು ಬಿಟ್ಟು ಕೊರೆಯುತ್ತಾ ಕೂರುತ್ತದೆ.

2. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ

ಸಾ ಮಿಲ್ ನಡೆಸಲು ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. 1996ರಲ್ಲಿ ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಈ ವಿಚಾರ ಇನ್ನೂ ಬಿಗಿಯಾಗಿದೆ. ನೀವು ಮನೆಯಲ್ಲಿ ಸಣ್ಣ ತುಂಡು ಕುಯ್ಯುವವರೇ ಇರಬಹುದು. ಆದರೆ ದಿಮ್ಮಿ ಸೀಳಬಲ್ಲ ದೊಡ್ಡ ಮೆಷಿನ್ ಶೆಡ್ಡಿನಲ್ಲಿ ಕಂಡರೆ ಪ್ರಶ್ನೆ ಬಂದೇ ಬರುತ್ತದೆ, ಮಲೆನಾಡಿನಲ್ಲಂತೂ ಖಂಡಿತ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಚಕ್ರದ ಅಳತೆ, ಮೋಟರಿನ ಎಚ್‌ಪಿ, ಮಾಡುವ ಕೆಲಸ ಇಷ್ಟನ್ನೂ ಬರೆದು ಕೊಟ್ಟು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಮರ ಕೊಂಡ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಡಿ.

3. ಕರೆಂಟ್ ಲೆಕ್ಕ

ವರ್ಕ್‌ಶಾಪಿನಿಂದ ಬರುವ ಮೆಷಿನ್‌ನಲ್ಲಿ ಸಾಮಾನ್ಯವಾಗಿ 2 ಅಥವಾ 3 ಎಚ್‌ಪಿಯ ಮೂರು ಫೇಸ್ ಮೋಟರ್ ಇರುತ್ತದೆ, 415 ವೋಲ್ಟಿನದು. ಬಹಳ ಮನೆಗಳಲ್ಲಿ ಇರುವುದು 230 ವೋಲ್ಟಿನ ಸಿಂಗಲ್ ಫೇಸ್. ಇದಕ್ಕೆ ಮೂರು ದಾರಿ.

ಮೊದಲನೆಯದು, ಮೋಟರನ್ನೇ ಸಿಂಗಲ್ ಫೇಸ್‌ಗೆ ಬದಲಾಯಿಸುವುದು. ಸುಲಭ, ಊರಿನ ಎಲೆಕ್ಟ್ರಿಷಿಯನ್ನಿಗೂ ಗೊತ್ತಿರುವ ಕೆಲಸ. ಅದೇ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅಂತ), ಅದೇ ದಪ್ಪದ ಶಾಫ್ಟ್ ಇರಲಿ, ಹಳೆ ಪುಲ್ಲಿ ಕೂರುತ್ತದೆ. ಎರಡನೆಯದು ವಿಎಫ್‌ಡಿ. ಸಿಂಗಲ್ ಫೇಸ್ ತೆಗೆದುಕೊಂಡು ಮೂರು ಫೇಸ್ ಮಾಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು. ಆದರೆ ಅದು ಕೊಡುವುದು 230 ವೋಲ್ಟಿನ ಮೂರು ಫೇಸ್. 415ಕ್ಕೆ 'ಸ್ಟಾರ್' ಕನೆಕ್ಷನ್‌ನಲ್ಲಿರುವ ಮೋಟರನ್ನು 'ಡೆಲ್ಟಾ'ಗೆ ಬದಲಿಸಿದರೆ ಇದು ನಡೆಯುತ್ತದೆ. ಸ್ಟಾರ್, ಡೆಲ್ಟಾ ಅಂದರೆ ಮೋಟರಿನೊಳಗಿನ ತಂತಿ ಸುರುಳಿಗಳನ್ನು ಜೋಡಿಸುವ ಎರಡು ಬಗೆ. ಮೋಟರಿನ ಟರ್ಮಿನಲ್ ಪೆಟ್ಟಿಗೆ ಬಿಚ್ಚಿ ನೋಡಿ. 6 ತುದಿ ಹೊರಗೆ ಬಂದಿದ್ದರೆ ಕೆಲಸ ಸುಲಭ. 3 ಮಾತ್ರ ಇದ್ದರೆ ವೈಂಡಿಂಗ್ ಅಂಗಡಿಗೆ ಒಯ್ಯಬೇಕು. ನೇಮ್‌ಪ್ಲೇಟಿನಲ್ಲಿ 415 ವೋಲ್ಟಿಗೇ ಡೆಲ್ಟಾ ಅಂತ ಇದ್ದರೆ ಈ ದಾರಿ ಬಿಡಿ. ಮೂರನೆಯದು ಮನೆಗೇ ಮೂರು ಫೇಸ್ ಎಳೆಸುವುದು. ಒಂದು ಬ್ಯಾಂಡ್‌ಸಾಗೋಸ್ಕರ ಅಷ್ಟು ಮಾಡಬೇಕಿಲ್ಲ.

1 ಎಚ್‌ಪಿ ಅಂದರೆ 746 ವ್ಯಾಟ್. 2 ಎಚ್‌ಪಿ ಮೋಟರನ್ನು 6 ಆಂಪಿನ ಸಾಕೆಟ್ಟಿಗೆ ಚುಚ್ಚಿದರೆ ಸಾಕೆಟ್ ಕರಗುತ್ತದೆ. ಎಂಸಿಬಿಯಿಂದ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ನೇರ ಬೇರೆ ಲೈನ್ ಎಳೆಸಿ, ಅರ್ತಿಂಗ್ ಸರಿಯಿದೆಯಾ ಪರೀಕ್ಷಿಸಿ, ಸ್ಟಾರ್ಟರ್ ಹಾಕಿಸಿ. ಸ್ಟಾರ್ಟರ್ ಯಾಕೆ ಅಂದರೆ, ಕರೆಂಟ್ ಹೋದಾಗ ಅದು ತಾನೇ ಬಿಟ್ಟುಕೊಳ್ಳುತ್ತದೆ. ಮತ್ತೆ ಕರೆಂಟ್ ಬಂದಾಗ ನೀವು ಹಸಿರು ಬಟನ್ ಒತ್ತುವ ತನಕ ಮೆಷಿನ್ ಓಡುವುದಿಲ್ಲ. ಸಾಮಾನ್ಯ ಸ್ವಿಚ್ ಇದ್ದರೆ? ಬ್ಲೇಡ್ ಪಕ್ಕ ಕೈ ಇಟ್ಟು ಹೊಟ್ಟು ಒರೆಸುತ್ತಿರುವಾಗ ಕರೆಂಟ್ ಬಂದರೆ ಏನಾಗುತ್ತೆ, ನೀವೇ ಯೋಚಿಸಿ.

ಅಮೆರಿಕದಿಂದ ಸಾಮಾನು ಸಮೇತ ವಾಪಸ್ ಬರುವವರು ಅಲ್ಲಿನ 14 ಇಂಚಿನ ಮೆಷಿನ್ ತರುವುದುಂಟು. ಅದರ ಮೋಟರ್ 60 ಹರ್ಟ್ಸ್, 115 ವೋಲ್ಟಿನದು. ನಮ್ಮ 50 ಹರ್ಟ್ಸ್‌ನಲ್ಲಿ ಅದರ ವೇಗ ಆರನೇ ಒಂದು ಭಾಗ ಇಳಿಯುತ್ತದೆ, ಬಿಸಿಯೂ ಜಾಸ್ತಿ. ಟ್ರಾನ್ಸ್‌ಫಾರ್ಮರ್‌ಗೆ ಖರ್ಚು ಮಾಡುವ ಬದಲು ಇಲ್ಲಿನ ಮೋಟರ್ ಕೂರಿಸಿ.

4. ನೋಡಲು ಹೋದಾಗ

ಹಗಲು ಹೊತ್ತಿನಲ್ಲೇ ಹೋಗಿ. ಟಾರ್ಚ್, ಟೇಪು, ಮೂಲೆಮಟ್ಟ, ಉದ್ದನೆಯ ನೇರ ಸ್ಟೀಲ್ ಪಟ್ಟಿ, ಒಂದು ಹಳೆ ಬಟ್ಟೆ ಜೊತೆಗಿರಲಿ. ಮೆಷಿನ್ ಚಾಲೂ ಮಾಡುವ ಮುಂಚೆ, ಪ್ಲಗ್ ತೆಗೆಸಿ, ಈ ಕ್ರಮದಲ್ಲಿ ನೋಡಿ.

ಚೌಕಟ್ಟು ಮೊದಲು. ಬೀಡು ಗಟ್ಟಿ, ಆದರೆ ಬಿದ್ದರೆ ಸೀಳುತ್ತದೆ. ಮೇಲಿನ ಚಕ್ರ ಹಿಡಿದಿರುವ ಬ್ರಾಕೆಟ್, ಮೇಜಿನ ಕೆಳಗಿನ ಕಮಾನು, ಬುಡದ ಬೋಲ್ಟ್ ತೂತುಗಳ ಸುತ್ತ ಬಟ್ಟೆಯಿಂದ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೂದಲೆಳೆಯಷ್ಟು ಗೆರೆ ಕಂಡರೆ, ಅದರೊಳಗೆ ಕಪ್ಪು ಎಣ್ಣೆ ಇಳಿದಿದ್ದರೆ ಅದು ಬಿರುಕು. ವೆಲ್ಡಿಂಗ್ ಮಾಡಿ ಮೇಲೆ ಬಣ್ಣ ಬಳಿದಿದ್ದರೂ ಉಬ್ಬು ಬೆರಳಿಗೆ ಸಿಗುತ್ತದೆ. ಮೇಲಿನ ಬ್ರಾಕೆಟ್‌ನಲ್ಲಿ ಅಥವಾ ಕಂಬದಲ್ಲಿ ಬಿರುಕಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ.

ಆಮೇಲೆ ಚಕ್ರ. ಬ್ಲೇಡ್ ಸಡಿಲಿಸಿ, ಚಕ್ರದ ಮೇಲುತುದಿ ಒಂದು ಕೈಲಿ, ಕೆಳತುದಿ ಇನ್ನೊಂದು ಕೈಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ. ಟಕ್ ಟಕ್ ಅಂದರೆ ಬೇರಿಂಗ್ ಸವೆದಿದೆ. ಅದು ದೊಡ್ಡ ವಿಷಯವಲ್ಲ. ಬೇರಿಂಗ್ ಹೊಸದಾಗಿದ್ದೂ ಅಲುಗಿದರೆ ಶಾಫ್ಟ್ ಅಥವಾ ಬೇರಿಂಗ್ ಕೂರುವ ಮನೆಯೇ ಸವೆದಿದೆ ಅಂತ, ಅದು ಲೇತ್ ಕೆಲಸ. ನಂತರ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಅಂಚಿನ ಪಕ್ಕ ಪೆನ್ಸಿಲ್ ಒಂದನ್ನು ಕದಲದಂತೆ ಹಿಡಿದರೆ ಚಕ್ರ ಓಲಾಡುವುದು ಕಾಣುತ್ತದೆ. ಒಂದು ಮಿಲಿಮೀಟರಿಗಿಂತ ಜಾಸ್ತಿ ಓಲಾಡಿದರೆ ಯೋಚಿಸಿ.

ಚಕ್ರದ ಮೇಲೆ ರಬ್ಬರ್ ಪಟ್ಟಿ ಇರುತ್ತದೆ, ಟೈರ್ ಅಂತಲೇ ಕರೆಯುತ್ತಾರೆ. ಉಗುರು ಒತ್ತಿ ನೋಡಿ. ಒತ್ತಿದ ಗುರುತು ಮೂಡಿ ಮಾಯವಾಗಬೇಕು. ಉಗುರೇ ಇಳಿಯದಿದ್ದರೆ ರಬ್ಬರ್ ಗಟ್ಟಿಯಾಗಿದೆ. ಪುಡಿ ಉದುರಿದರೆ ಸತ್ತಿದೆ. ಎರಡಕ್ಕೂ ಬದಲಾಯಿಸುವುದೇ ಮದ್ದು.

ಎರಡೂ ಚಕ್ರ ಒಂದೇ ನೇರದಲ್ಲಿವೆಯಾ ನೋಡಲು ಸ್ಟೀಲ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡೂ ಅಂಚುಗಳಿಗೆ ತಾಗಿಸಿ ಹಿಡಿಯಿರಿ. ಮೇಜು ಅಡ್ಡ ಬಂದರೆ ಪಕ್ಕದಿಂದ ಹಿಡಿಯಿರಿ. ಸ್ವಲ್ಪ ವ್ಯತ್ಯಾಸವಿದ್ದರೆ ವಾಷರ್ ಹಾಕಿ ಸರಿ ಮಾಡಬಹುದು.

ಟೆನ್ಷನ್ ಸ್ಕ್ರೂ, ಅಂದರೆ ಮೇಲಿನ ಚಕ್ರ ಎತ್ತಿ ಬ್ಲೇಡ್ ಬಿಗಿ ಮಾಡುವ ತಿರುಪು, ಕೊನೆಯ ತನಕ ನಯವಾಗಿ ತಿರುಗಬೇಕು. ಅದರ ಸ್ಪ್ರಿಂಗ್ ಒಂದಕ್ಕೊಂದು ಅಂಟಿ ಕೂತಿದ್ದರೆ ಬದಲಾಯಿಸಿ. ಮೇಜಿನ ತುಕ್ಕಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಮೇಜು ಬಾಗಿದೆಯಾ ಅಂತ ಮಾತ್ರ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ನೋಡಿ.

ಇಷ್ಟೆಲ್ಲ ಆದ ಮೇಲೆ ಚಾಲೂ ಮಾಡಿಸಿ. ನೀವು ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತುಕೊಳ್ಳಿ. ಗುಂಯ್ ಅನ್ನುವ ಒಂದೇ ಶ್ರುತಿ ಸರಿ. ಗರಗರ ಅಂದರೆ ಬೇರಿಂಗ್. ಟಿಕ್ ಟಿಕ್ ಅಂದರೆ ಬ್ಲೇಡಿನ ಬೆಸುಗೆ. ಇಡೀ ಮೆಷಿನ್ ನಡುಗಿದರೆ ಒಣಗಿದ ಬೆಲ್ಟ್ ಅಥವಾ ಟೈರಿಗೆ ಅಂಟಿ ಗಟ್ಟಿಯಾದ ಹೊಟ್ಟು ಇರಬಹುದು. ಮಾರುವವರು "ಚಾಲೂ ಇಲ್ಲ ಸಾರ್, ಮೋಟರ್ ಕನೆಕ್ಷನ್ ಕೊಡಬೇಕಷ್ಟೇ" ಅಂದರೆ, ಮೋಟರ್ ಸುಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

5. ಬೆಲೆ ಮತ್ತು ಸಾಗಾಟ

ಹೊಸ ಮೋಟರ್, ಟೈರ್, ನಾಲ್ಕು ಬೇರಿಂಗ್, ಬೆಲ್ಟ್, ಒಂದು ಬ್ಲೇಡ್, ಲಾರಿ ಬಾಡಿಗೆ, ಕೂಲಿ. ಇವನ್ನೆಲ್ಲ ಹೋಗುವ ಮುಂಚೆಯೇ ಅಂಗಡಿಯಲ್ಲಿ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಮೆಷಿನ್ ಮುಂದೆ ನಿಂತಾಗ ಹಾಳಾಗಿರುವುದಕ್ಕೆಲ್ಲ ಗುರುತು ಹಾಕುತ್ತಾ ಹೋಗಿ. ಆ ಚೀಟಿ ತೋರಿಸಿ ಮಾತಾಡಿದರೆ ಚೌಕಾಸಿ ಬೇಗ ಮುಗಿಯುತ್ತದೆ. ಗುಜರಿ ತೂಕದ ಬೆಲೆಗಿಂತ ಕೆಳಗೆ ಯಾರೂ ಕೊಡುವುದಿಲ್ಲ, ಅದೂ ಗೊತ್ತಿರಲಿ.

ಬ್ಯಾಂಡ್‌ಸಾ ತಲೆಭಾರದ ಮೆಷಿನ್. ಮೇಜು, ಮೋಟರ್, ಬ್ಲೇಡ್ ಬಿಚ್ಚಿ ಬೇರೆ ಕಟ್ಟಿ. ಹಗ್ಗ ಕಂಬಕ್ಕೆ ಬರಲಿ. ಚಕ್ರಕ್ಕಾಗಲಿ ಮೇಜಿಗಾಗಲಿ ಹಗ್ಗ ಹಾಕಿ ಎತ್ತಿದರೆ ನೀವು ಅಷ್ಟು ಹೊತ್ತು ಹುಡುಕಿದ ಬಿರುಕು ಅವತ್ತೇ ಬೀಳುತ್ತದೆ.

6. ಮನೆಗೆ ಬಂದ ಮೇಲೆ

ಮೊದಲು ಹೊಟ್ಟು ತೆಗೆಯಿರಿ. ಕೆಳಗಿನ ಚಕ್ರದ ಮನೆಯಲ್ಲಿ ವರ್ಷಗಟ್ಟಲೆ ಕೂತ ಹೊಟ್ಟು ಎಣ್ಣೆ ಕುಡಿದು ಹಲಗೆಯಂತಾಗಿರುತ್ತದೆ. ಕೆರೆದು ತೆಗೆಯಬೇಕು, ಗಾಳಿ ಊದಿದರೆ ಬರಲ್ಲ.

ಬೇರಿಂಗ್ ಹೊರಗೆಳೆದು ಅದರ ಮೇಲಿನ ನಂಬರ್ ಓದಿ. 6203, 6204, 6205 ಈ ಥರ ಇರುತ್ತದೆ. ಇವು ಪಂಪು, ಫ್ಯಾನು, ಬೈಕಿಗೆಲ್ಲ ಬರುವ ಬೇರಿಂಗ್‌ಗಳು, ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ, ಹೊಟ್ಟು ಒಳಗೆ ಹೋಗಬಾರದು. ಬಡಿಯುವಾಗ ಹೊರಗಿನ ಬಳೆ ಕೂರಿಸಬೇಕಾದರೆ ಹೊರಗಿನ ಬಳೆಗೇ, ಒಳಗಿನದಾದರೆ ಒಳಗಿನದಕ್ಕೇ ಪೈಪ್ ಇಟ್ಟು ಬಡಿಯಿರಿ.

ಟೈರ್ ಬದಲಾಯಿಸುವಾಗ ಹಳೆ ಗೋಂದನ್ನು ಪೂರ್ತಿ ಕೆರೆದು ತಿನ್ನರ್‌ನಿಂದ ಒರೆಸಿ. ರಬ್ಬರ್ ಪಟ್ಟಿಗೂ ಚಕ್ರಕ್ಕೂ ಫೆವಿಕಾಲ್ ಎಸ್‌ಆರ್ ಥರದ ರಬ್ಬರ್ ಅಂಟು ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಿ. ಉಂಗುರದ ರೂಪದಲ್ಲೇ ಬರುವ ಯುರೇಥೇನ್ ಟೈರ್ ಸಿಕ್ಕರೆ ಬಿಸಿನೀರಿನಲ್ಲಿ ನೆನೆಸಿ ಹಿಗ್ಗಿಸಿ ಹಾಕಿ. ಚಕ್ರದ ನಡು ಸ್ವಲ್ಪ ಉಬ್ಬಿರುವ ಮೆಷಿನ್‌ನಲ್ಲಿ ಬ್ಲೇಡ್ ನಡುವೆ ನಿಲ್ಲುವುದು ಆ ಉಬ್ಬಿನಿಂದಲೇ. ಅಂಟು ಒಂದೆಡೆ ದಪ್ಪವಾಗಿ ಉಳಿದರೆ ಬ್ಲೇಡ್ ಪ್ರತಿ ಸುತ್ತಿಗೂ ಕುಣಿಯುತ್ತದೆ.

ಈಗ ವೇಗದ ಲೆಕ್ಕ. 18 ಇಂಚಿನ ಚಕ್ರದ ಸುತ್ತಳತೆ ಸುಮಾರು 1.44 ಮೀಟರ್. ಮೋಟರ್ 1440 ಆರ್‌ಪಿಎಂ, ಅದರ ಪುಲ್ಲಿ 4 ಇಂಚು, ಚಕ್ರದ ಪುಲ್ಲಿ 9 ಇಂಚು ಇದ್ದರೆ ಚಕ್ರ ನಿಮಿಷಕ್ಕೆ 640 ಸುತ್ತು. ಬ್ಲೇಡಿನ ವೇಗ ಸುಮಾರು 920 ಮೀಟರ್, ಸರಿಯಾಗಿದೆ. ಹಿಂದಿನವರು 2880 ಆರ್‌ಪಿಎಂ ಮೋಟರ್ ಹಾಕಿಬಿಟ್ಟಿದ್ದರೆ ಇದು ಎರಡರಷ್ಟಾಗುತ್ತದೆ, ಹಾಗೆ ಓಡಿಸಬೇಡಿ.

7. ಬ್ಲೇಡ್

"ನೇರ ಕುಯ್ಯುತ್ತಿಲ್ಲ" ಅನ್ನುವ ದೂರಿಗೆ ಹತ್ತರಲ್ಲಿ ಎಂಟು ಸಲ ಕಾರಣ ಬ್ಲೇಡೇ, ಮೆಷಿನ್ ಅಲ್ಲ. ಮೆಷಿನ್ ಜೊತೆ ಬಂದ ಬ್ಲೇಡನ್ನು ಗೋಡೆಗೆ ನೇತುಹಾಕಿ, ಹೊಸದು ಮಾಡಿಸಿ.

ಉದ್ದ ತಿಳಿಯಲು ಮೇಲಿನ ಚಕ್ರವನ್ನು ಅದರ ಏರಿಳಿತದ ನಡುವಿಗೆ ತನ್ನಿ. ಎರಡು ಚಕ್ರದ ಕೇಂದ್ರಗಳ ದೂರ ಅಳೆದು ಎರಡರಿಂದ ಗುಣಿಸಿ. ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ ಅದಕ್ಕೆ ಕೂಡಿಸಿ. ಕೇಂದ್ರಗಳ ದೂರ 1000 ಮಿಮೀ, ವ್ಯಾಸ 450 ಮಿಮೀ ಆದರೆ 2000 + 1413, ಅಂದರೆ 3413 ಮಿಮೀ. ಸುರುಳಿಯಿಂದ ಬೇಕಾದಷ್ಟು ಕತ್ತರಿಸಿ ಬೆಸೆದು ಕೊಡುವ ಅಂಗಡಿಗಳಿವೆ. ಸಾ ಮಿಲ್ಲಿನಲ್ಲಿ ಹಲ್ಲು ಸಾಣೆ ಹಿಡಿಯುವವರನ್ನು ಕೇಳಿದರೆ ಅವರೇ ಹೇಳುತ್ತಾರೆ. ಬೆಸುಗೆಯ ಜಾಗವನ್ನು ಬೆರಳಲ್ಲಿ ಸವರಿ. ಏಣು ಸಿಕ್ಕರೆ ಉಜ್ಜಿ ಕೊಡಲು ಹೇಳಿ.

ಹಲ್ಲಿನ ಲೆಕ್ಕಕ್ಕೆ ಟಿಪಿಐ ಅನ್ನುತ್ತಾರೆ, ಒಂದು ಇಂಚಿನಲ್ಲಿ ಎಷ್ಟು ಹಲ್ಲು ಅಂತ. ದಪ್ಪ ಮರವನ್ನು ಹಲಗೆಯಾಗಿ ಸೀಳಲು ಅರ್ಧದಿಂದ ಮುಕ್ಕಾಲು ಇಂಚು ಅಗಲದ 3 ಟಿಪಿಐ. ಬಾಗು ಕುಯ್ಯಲು ಕಾಲು ಇಂಚು ಅಗಲದ 6 ಟಿಪಿಐ. ಈ ಎರಡಿದ್ದರೆ ಮನೆ ಕೆಲಸ ಬಹುಪಾಲು ನಡೆಯುತ್ತದೆ. ಕಾಲು ಇಂಚಿನ ಬ್ಲೇಡ್ ಸುಮಾರು 16 ಮಿಮೀ ತ್ರಿಜ್ಯದ ಬಾಗು ತಿರುಗುತ್ತದೆ, ಅರ್ಧ ಇಂಚಿನದಕ್ಕೆ 60 ಮಿಮೀಗಿಂತ ಹೆಚ್ಚೇ ಬೇಕು. ಅದಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಬ್ಲೇಡ್ ತಿರುಚಿ ಮುರಿಯುತ್ತದೆ. ದಪ್ಪ ಮರಕ್ಕೆ ಸಣ್ಣ ಹಲ್ಲಿನ ಬ್ಲೇಡ್ ಹಾಕುವುದು ಇನ್ನೊಂದು ತಪ್ಪು. ಹಲ್ಲಿನ ಸಂದು ಹೊಟ್ಟು ತುಂಬಿ, ಬ್ಲೇಡ್ ಬಿಸಿಯಾಗಿ, ಮರ ಸುಟ್ಟ ವಾಸನೆ ಬರುತ್ತದೆ.

ಮರವೂ ಮುಖ್ಯ. ಸಿಲ್ವರ್ ಓಕ್ ಬೆಣ್ಣೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಹಸಿ ಹಲಸು ಕುಯ್ದರೆ ಮೇಣ ಬ್ಲೇಡಿಗೂ ಟೈರಿಗೂ ಮೆತ್ತುತ್ತದೆ. ಹಳೆ ಬಾಗಿಲು, ತೊಲೆಗಳ ಮರವಾದರೆ ಮೊಳೆ ಹುಡುಕದೆ ಮೆಷಿನ್‌ಗೆ ಕೊಡಲೇಬೇಡಿ.

8. ಹೊಂದಿಸುವ ಕ್ರಮ

ಇಲ್ಲಿ ಕ್ರಮ ತಪ್ಪಿದರೆ ಎಲ್ಲ ತಪ್ಪುತ್ತದೆ. ಪ್ಲಗ್ ತೆಗೆದಿರಲಿ.

ಗೈಡ್‌ಗಳನ್ನು ಪೂರ್ತಿ ಹಿಂದಕ್ಕೆ ಸರಿಸಿ. ಗೈಡ್ ಅಂದರೆ ಮೇಜಿನ ಮೇಲೂ ಕೆಳಗೂ ಬ್ಲೇಡಿನ ಎಡಬಲ ಇರುವ ತುಂಡುಗಳು ಅಥವಾ ಬೇರಿಂಗ್‌ಗಳು. ಬ್ಲೇಡಿನ ಬೆನ್ನಿಗೆ ಇನ್ನೊಂದು ಬೇರಿಂಗ್ ಇರುತ್ತದೆ. ಬ್ಲೇಡ್ ಹಾಕಿ, ಮೇಜಿನ ಹತ್ತಿರ ಹಲ್ಲು ಕೆಳಮುಖವಾಗಿದೆಯಾ ನೋಡಿ. ಮೇಲ್ಮುಖವಾಗಿದ್ದರೆ ಬ್ಲೇಡನ್ನು ಒಳಹೊರಗು ಮಾಡಿ ತಿರುವಿ ಹಾಕಿ.

ಸ್ವಲ್ಪ ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಅದರ ಓರೆಯನ್ನು ಹಿಂದಿನ ತಿರುಪಿನಿಂದ ಬದಲಾಯಿಸಿ. ಬ್ಲೇಡ್ ಟೈರಿನ ನಡುವೆ ನಿಲ್ಲಬೇಕು. ಇದಕ್ಕೆ ಟ್ರ್ಯಾಕಿಂಗ್ ಅನ್ನುತ್ತಾರೆ. ನಂತರ ಪೂರ್ತಿ ಬಿಗಿ. ಮೇಲಿನ ಗೈಡನ್ನು ಮೇಜಿನಿಂದ 6 ಇಂಚು ಎತ್ತಿ, ನಡುವೆ ಬ್ಲೇಡನ್ನು ಪಕ್ಕದಿಂದ ಬೆರಳಲ್ಲಿ ಒತ್ತಿದರೆ ಕಾಲು ಇಂಚು ಸರಿಯಬೇಕು. ಜಾಸ್ತಿ ಸರಿದರೆ ಸಡಿಲ. ಬಿಗಿ ಮಾಡಿದ ಮೇಲೆ ಟ್ರ್ಯಾಕಿಂಗ್ ಮತ್ತೊಮ್ಮೆ ನೋಡಿ, ಬದಲಾಗಿರುತ್ತದೆ.

ಈಗ ಮೇಜನ್ನು ಮೂಲೆಮಟ್ಟದಿಂದ ಬ್ಲೇಡಿಗೆ 90 ಡಿಗ್ರಿ ಮಾಡಿ. ಕೊನೆಗೆ ಗೈಡ್. ಪಕ್ಕದ ಗೈಡ್‌ಗಳು ಹಲ್ಲಿನ ಬುಡದಿಂದ ಸ್ವಲ್ಪ ಹಿಂದೆ ಇರಲಿ. ಬ್ಲೇಡಿಗೂ ಗೈಡಿಗೂ ನಡುವೆ ಒಂದು ಹಾಳೆ ಕಾಗದದಷ್ಟು ಸಂದು. ಬೆನ್ನಿನ ಬೇರಿಂಗಿಗೆ ವಿಸಿಟಿಂಗ್ ಕಾರ್ಡಿನಷ್ಟು. ಮರ ತಳ್ಳಿದಾಗ ಮಾತ್ರ ಅದು ತಿರುಗಬೇಕು, ಸುಮ್ನೆ ಓಡುವಾಗ ತಿರುಗಬಾರದು.

ಆದರೂ ಓರೆ ಹೋಗುತ್ತಿದೆಯಾ? ಒಂದು ಬೇಡದ ಹಲಗೆಯ ಅಂಚಿಗೆ ಸಮಾನಾಂತರ ಗೆರೆ ಎಳೆದು, ಫೆನ್ಸ್ ಇಲ್ಲದೆ ಕೈಯಲ್ಲೇ ಗೆರೆಯ ಮೇಲೆ ಅರ್ಧ ಕುಯ್ದು ನಿಲ್ಲಿಸಿ. ಹಲಗೆ ಹೇಗೆ ನಿಂತಿದೆಯೋ ಅದೇ ಕೋನಕ್ಕೆ ಫೆನ್ಸ್ ಹೊಂದಿಸಿ. ಫೆನ್ಸ್ ಅಂದರೆ ಮರ ಒರಗಿಸಿ ತಳ್ಳುವ ಪಟ್ಟಿ. ಕೋನ ತೀರಾ ಜಾಸ್ತಿ ಇದ್ದರೆ ಫೆನ್ಸ್ ಬಿಡಿ, ಬ್ಲೇಡಿನ ಒಂದು ಕಡೆಯ ಹಲ್ಲು ಮೊಂಡಾಗಿದೆ ಅಂತ ಅರ್ಥ.

9. ಓಡಿಸುವಾಗ

ಮೇಲಿನ ಗೈಡ್ ಮರಕ್ಕಿಂತ 6 ಮಿಮೀ ಮಾತ್ರ ಮೇಲಿರಲಿ. ಉಳಿದ ಬ್ಲೇಡ್ ಮುಚ್ಚಿರಬೇಕು. ಗ್ಲೌಸ್ ಬೇಡ, ಪಂಚೆ ಬೇಡ, ದುಪಟ್ಟಾ ಬೇಡ. ಕನ್ನಡಕ ಬೇಕು, ಮಾಸ್ಕ್ ಬೇಕು. ಕೊನೆಯ ನಾಲ್ಕು ಇಂಚನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಿ.

ದುಂಡನೆಯ ಕಟ್ಟಿಗೆಯನ್ನು ಬರಿಗೈಯಲ್ಲಿ ಹಿಡಿದು ಅಡ್ಡ ಕುಯ್ಯಬೇಡಿ. ಹಲ್ಲು ತಾಗಿದ ಕ್ಷಣ ಅದು ಉರುಳಿ ಕೈಯನ್ನು ಎಳೆದುಕೊಳ್ಳುತ್ತದೆ. ವಿ ಆಕಾರದ ತೊಟ್ಟಿಲು ಮಾಡಿ ಅದರಲ್ಲಿ ಕಟ್ಟಿ. ಬ್ಲೇಡ್ ಫಟ್ ಅಂತ ಮುರಿದರೆ ಮೊದಲು ಸ್ವಿಚ್ ಆಫ್, ಆಮೇಲೆ ದೂರ ನಿಲ್ಲಿ. ಭಾರದ ಚಕ್ರ ಪೂರ್ತಿ ನಿಂತ ಮೇಲಷ್ಟೇ ಚಕ್ರ ಮುಚ್ಚಿರುವ ಬಾಗಿಲು ತೆಗೆಯಿರಿ.

10. ನಿಗಾ

ಕೆಲಸ ಮುಗಿದು ನಾಲ್ಕಾರು ದಿನ ಮುಟ್ಟುವುದಿಲ್ಲ ಅಂದರೆ ಬ್ಲೇಡ್ ಸಡಿಲಿಸಿ. ಟೈರ್ ಮತ್ತು ಸ್ಪ್ರಿಂಗ್ ಎರಡೂ ಉಳಿಯುತ್ತವೆ. ಸಡಿಲಿಸಿದ್ದು ಮರೆತು ಚಾಲೂ ಮಾಡದಂತೆ ಸ್ವಿಚ್ಚಿಗೆ ಒಂದು ಚೀಟಿ ನೇತುಹಾಕಿ. ಬ್ಲೇಡಿಗೆ ಮೆತ್ತಿದ ಮೇಣವನ್ನು, ಪ್ಲಗ್ ತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಕೆಳಗಿನ ಟೈರಿಗೆ ತಾಗುವಂತೆ ಒಂದು ಹಳೆ ಬ್ರಷ್ ಸ್ಕ್ರೂ ಮಾಡಿದರೆ ಹೊಟ್ಟು ಕೂರುವುದೇ ಇಲ್ಲ. ಮೋಟರ್ ಸುತ್ತಲಿನ ಹೊಟ್ಟನ್ನು ಪ್ರತಿ ಸಲವೂ ತೆಗೆಯಿರಿ. ಒಂದು ಕಿಡಿ ಸಾಕು.

ಮಳೆಗಾಲದಲ್ಲಿ, ಕರಾವಳಿ ಮಲೆನಾಡಿನಲ್ಲಂತೂ, ಬೀಡಿನ ಮೇಜು ರಾತ್ರಿ ಬೆಳಗಾಗುವುದರಲ್ಲಿ ಕೆಂಪಾಗುತ್ತದೆ. 400 ನಂಬರ್ ಎಮರಿ ಪೇಪರ್‌ನಲ್ಲಿ ಸೀಮೆಎಣ್ಣೆ ಹಾಕಿ ಉಜ್ಜಿ, ಒಣಗಿಸಿ, ಮೇಣದ ಪಾಲಿಶ್ ತಿಕ್ಕಿ. ಎಣ್ಣೆ ಬಳಿದರೆ ಮರಕ್ಕೆ ಕಲೆ. ಸಿಲಿಕೋನ್ ಸ್ಪ್ರೇ ಹೊಡೆದರೆ ಆಮೇಲೆ ಆ ಮರಕ್ಕೆ ಪಾಲಿಶ್ ಹಿಡಿಯುವುದಿಲ್ಲ.

ಇನ್ನು ಬ್ಲೇಡ್ ಉದ್ದ, ಬೆಲ್ಟ್ ನಂಬರ್, ಬೇರಿಂಗ್ ನಂಬರ್‌ಗಳನ್ನು ಮೇಲಿನ ಬಾಗಿಲಿನ ಒಳಗಡೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು, ಅದರ ಫೋಟೊ ಒಂದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತು ಮನೆಗೆ ಫೋನ್ ಮಾಡಿ ಅಳತೆ ಕೇಳುವುದು ತಪ್ಪುತ್ತದೆ.